ಹರಗಿದ ಹೊಲಕ್ಕೆ ಹಳದಿ ಬಣ್ಣ

ನಕ್ಷೆಯಲ್ಲಿ ಹಳದಿ ಎಂದರೆ ಪಾಳು ಭೂಮಿ. ಹುನಗುಂದದಿಂದ ಇಳಕಲ್ ಕಡೆ ಹೋಗುವ ರಸ್ತೆಯ ಎರಡೂ ಬದಿಗೆ ಹಳದಿ ಬಳಿದಿದ್ದ ಹಾಳೆಯನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂತು. ಯಾರೋ ಅವಸರದಲ್ಲಿ ಬಣ್ಣ ತಪ್ಪಿಸಿದ್ದಾರೆ, ಹೇಳಿದರೆ ಸಂಜೆಯೊಳಗೆ ತಿದ್ದುತ್ತಾರೆ ಎಂದುಕೊಂಡೆ. ನಾನು ಇಳಕಲ್ಲಿನವಳು. ಆ ರಸ್ತೆಯಲ್ಲೇ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕಾಲೇಜಿಗೆ ಓಡಾಡಿದವಳು. ಆ ಹೊಲಗಳಲ್ಲಿ ಬೆಳೆದ ಬಿಳಿಜೋಳದ ರೊಟ್ಟಿ ತಿಂದೇ ಇಷ್ಟು ಎತ್ತರ ಬೆಳೆದಿದ್ದೇನೆ. ಅದನ್ನು ಪಾಳು ಎಂದರೆ ನಗದೆ ಏನು ಮಾಡಲಿ? ಆ ನಗು ಎಷ್ಟು ಬೇಗ ಇಂಗಿಹೋಯಿತು ಎಂಬುದನ್ನೇ ಈಗ ಬರೆಯಲು ಕೂತಿದ್ದೇನೆ.

ಜಿಲ್ಲೆಯ ನೆಲ, ನೀರು, ಬೆಳೆಗಳ ನಕ್ಷೆ ತಯಾರಿಸುವ ಗುತ್ತಿಗೆ ಹೊರಗಿನ ಒಂದು ಸಂಸ್ಥೆಗೆ ಸಿಕ್ಕಿತ್ತು. ಭೂಗೋಳ ಓದಿದವಳೆಂದು ನನ್ನನ್ನು ಸ್ಥಳ ಪರಿಶೀಲನೆಗೆ ತೆಗೆದುಕೊಂಡಿದ್ದರು. ಉಪಗ್ರಹದ ಚಿತ್ರ ನೋಡಿ ಕಂಪ್ಯೂಟರು ಜಿಲ್ಲೆಯನ್ನು ತುಂಡು ತುಂಡು ಮಾಡಿ ಬಣ್ಣ ಹಚ್ಚುತ್ತದೆ. ಬೆಳೆಗೆ ತಿಳಿಹಸಿರು, ಕಾಡಿಗೆ ಕಡುಹಸಿರು, ನೀರಿಗೆ ನೀಲಿ, ಊರಿಗೆ ಕೆಂಪು, ಪಾಳಿಗೆ ಹಳದಿ. ಅದು ಆರಿಸಿಕೊಟ್ಟ ಜಾಗಗಳಿಗೆ ನಾನು ಟ್ಯಾಬ್ ಹಿಡಿದು ಹೋಗಬೇಕು, ನಿಂತ ಕಡೆಯಿಂದ ನಾಲ್ಕೂ ದಿಕ್ಕಿನ ಫೋಟೋ ತೆಗೆಯಬೇಕು, ಬಣ್ಣ ಸರಿಯೋ ತಪ್ಪೋ ಗುರುತಿಸಬೇಕು. ಎಲ್ಲ ಮುಗಿದ ಮೇಲೆ, ನೆಲದ ಮೇಲೆ ನಿಂತು ನೋಡಿ ಖಾತ್ರಿ ಮಾಡಿದ್ದೇನೆ ಎಂಬ ಸಾಲಿನ ಕೆಳಗೆ ನನ್ನ ಸಹಿ. ಆ ಸಹಿ ಇಲ್ಲದೆ ನಕ್ಷೆಯನ್ನು ಬಾಗಲಕೋಟೆಯ ಕಚೇರಿ ಸ್ವೀಕರಿಸುವಂತಿರಲಿಲ್ಲ.

ಶ್ರಾವಣದಲ್ಲಿ ಕಲಾದಗಿಯಿಂದ ಶುರು ಮಾಡಿದೆವು. ನಾನು ಮತ್ತು ಬಾಡಿಗೆ ಜೀಪಿನ ಚಾಲಕ, ಇಬ್ಬರೇ. ಘಟಪ್ರಭೆಯ ದಂಡೆಯ ಚಿಕ್ಕು ತೋಟಗಳೆಲ್ಲ ನಕ್ಷೆಯಲ್ಲಿ ಕಾಡು ಎಂದು ಬಂದಿದ್ದವು.

"ಅಕ್ಕಾರ, ಚಿಕ್ಕು ತ್ವಾಟಾನ ಕಾಡು ಅಂದ್ರ, ನಾಳಿ ನಮಗ ಇಲ್ಲಿ ಹುಲಿ ಎಣಸಾಕ ಹಚ್ತಾರ ನೋಡ್ರಿ," ಎಂದ ಚಾಲಕ.

ಅದನ್ನು ತಿದ್ದಿ ಕಳಿಸಿದೆ. ಸಾಲುಹಿಡಿದ ಮರಗಳು ಫೋಟೋದಲ್ಲಿ ಸ್ಪಷ್ಟವಾಗಿದ್ದುದರಿಂದ ಸಂಸ್ಥೆ ತಕರಾರಿಲ್ಲದೆ ಒಪ್ಪಿಕೊಂಡಿತು. ತುಳಸಿಗೇರಿ ಸುತ್ತ ಹೆಚ್ಚು ತಪ್ಪಿರಲಿಲ್ಲ. ಬಾದಾಮಿ ಕಡೆಯ ಕೆಂಪು ಮಸಾರಿ ಮಣ್ಣಿನಲ್ಲಿ ಮುಂಗಾರಿಗೇ ಸಜ್ಜೆ, ಶೇಂಗಾ ಬಿತ್ತುತ್ತಾರೆ. ಶ್ರಾವಣದಲ್ಲಿ ಅಲ್ಲಿ ಎಲ್ಲೆಲ್ಲೂ ಹಸಿರು, ನಕ್ಷೆಯಲ್ಲೂ ಹಸಿರು. ಬನಶಂಕರಿ ಹತ್ತಿರದ ಬಾಳೆ ತೋಟದ ಮಗ್ಗುಲಲ್ಲಿ ಬುತ್ತಿ ಬಿಚ್ಚಿಕೊಂಡು, ಇದು ಚಲೋ ಕೆಲಸ ಎಂದು ನಾನೇ ಚಾಲಕನಿಗೆ ಹೇಳಿದ್ದು ನೆನಪಿದೆ.

ಹುನಗುಂದ ದಾಟಿದ ಮೇಲೆ ಜೀಪು ನಿಲ್ಲಿಸಿದ ಮೊದಲ ಹೊಲದಲ್ಲಿ ಒಬ್ಬ ಗಂಡಸು ಎತ್ತು ಹೂಡಿ ಕುಂಟೆ ಹೊಡೆಯುತ್ತಿದ್ದ. ಹಿಂದೆ ಹಿಂದೆ ಒಬ್ಬ ಹೆಂಗಸು ಕುಂಟೆಗೆ ಸಿಕ್ಕಿ ಮೇಲೆ ಬಂದ ಕರಿಕೆ ಹುಲ್ಲಿನ ಬೇರುಗಳನ್ನು ಆರಿಸಿ ಬದುವಿಗೆ ಎಸೆಯುತ್ತ ನಡೆದಿದ್ದಳು. ಹೊಲ ಅವಳದು. ಗಂಡ ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಪಾಲಿಶ್ ಮಾಡುತ್ತಾನೆ, ಒಕ್ಕಲುತನ ಇವಳ ಕೈಯಲ್ಲಿ. ಎತ್ತು ಹೊಡೆಯುತ್ತಿದ್ದವನು ಮೈದುನ. ನಾನು ಅವಳನ್ನು ಅಕ್ಕಾ ಎಂದೆ, ಆ ಹೊತ್ತಿನಿಂದ ಅವಳು ನನಗೆ ಅಕ್ಕನೇ.

"ಏನ್ ತಂಗಿ, ಬರೇ ಮಣ್ಣಿನ ಫೋಟೋ ಹೊಡ್ಕೊಂಡು ಏನ್ ಮಾಡ್ತಿ? ತೆನಿ ಹಾಲ ತುಂಬಿದಾಗ ಬಾ. ಸೀತನಿ ಸುಟ್ಟು ಕೊಡ್ತೇನಿ, ತಿಂದು ಹೋಗುವಂತಿ."

ಹೊಲದ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಇರಬಾರದು ಕೂಡ. ಈ ಕಡೆಯ ಎರಿ, ಅಂದರೆ ಕಪ್ಪು ಮಣ್ಣು, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಇಲ್ಲಿ ಮಳೆ ಕಡಿಮೆ, ಮಣ್ಣು ಮಾತ್ರ ಆಳ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಮುಂಗಾರಿಗೆ ಬಿತ್ತಿದರೆ ಬಂದ ನಾಲ್ಕು ಹನಿಯನ್ನು ಆ ಬೆಳೆಯೇ ಹೀರಿಬಿಡುತ್ತದೆ. ಅದಕ್ಕೇ ಮುಂಗಾರಿನಲ್ಲಿ ಹೊಲ ಬರಿದಾಗಿ ಇಡುತ್ತಾರೆ. ಒಡ್ಡು ಹಾಕಿ ನೀರು ನಿಲ್ಲಿಸುತ್ತಾರೆ. ಪ್ರತಿ ಮಳೆ ಬಿದ್ದು ಮೇಲ್ಮಣ್ಣು ಆರಿದ ಕೂಡಲೇ ಕುಂಟೆ ಹೊಡೆದು ಹರಗುತ್ತಾರೆ. ಹರಗಿದರೆ ಬಿರುಕು ಮುಚ್ಚುತ್ತದೆ, ಕಳೆ ಸಾಯುತ್ತದೆ, ಮೇಲಿನ ಪುಡಿಮಣ್ಣು ಹೊದಿಕೆಯಾಗಿ ಕೆಳಗಿನ ಹಸಿ ಆರದಂತೆ ಕಾಯುತ್ತದೆ. ಭಾದ್ರಪದದ ಕೊನೆಗೆ, ಉತ್ತರಿ ಮಳೆಯ ಹೊತ್ತಿಗೆ ಕೂರಿಗೆ ಹೂಡಿ ಜೋಳ ಬಿತ್ತಿದರೆ ಆಮೇಲೆ ಮಳೆ ಕೈಕೊಟ್ಟರೂ, ಕೂಡಿಟ್ಟ ಹಸಿ ಮತ್ತು ಚಳಿಯ ಇಬ್ಬನಿಯಲ್ಲಿ ಬೆಳೆ ಎದ್ದು ನಿಲ್ಲುತ್ತದೆ. ಶ್ರಾವಣದ ಆ ಬರಿ ಹೊಲದಲ್ಲಿ ನಡೆದಿದ್ದು ವರ್ಷದ ಅತ್ಯಂತ ದೊಡ್ಡ ಕೆಲಸ.

ಟ್ಯಾಬಿನಲ್ಲಿ 'ಬಣ್ಣ ತಪ್ಪು' ಒತ್ತಿದೆ. ಸರಿಯಾದುದನ್ನು ಆರಿಸು ಎಂದಿತು. 'ಬೆಳೆ' ಒತ್ತಿದೆ. ಯಾವ ಬೆಳೆ? ಜೋಳ. ಎತ್ತರ ಎಷ್ಟು? ಸೊನ್ನೆ ಹಾಕಿದರೆ ಸ್ವೀಕರಿಸಲಿಲ್ಲ. ಆ ಜಾಗ ಖಾಲಿ ಬಿಟ್ಟು, ಷರಾ ಬರೆಯುವಲ್ಲಿ ಹಿಂಗಾರಿಗೆ ಹದ ಮಾಡುತ್ತಿರುವ ಹೊಲ ಎಂದು ವಿವರವಾಗಿ ಬರೆದು ಕಳಿಸಿದೆ. ಮರುದಿನ ಕೆಂಪಕ್ಷರದಲ್ಲಿ ಉತ್ತರ ಬಂತು: ಚಿತ್ರದಲ್ಲಿ ಬೆಳೆ ಕಾಣುತ್ತಿಲ್ಲ, ಪಾಳು ಎಂದೇ ಉಳಿಸಲಾಗಿದೆ. ಆ ವಾರ ನಾನು ಹೋದ ಎಲ್ಲ ಎರಿ ಹೊಲಗಳಿಗೂ ಅದೇ ಉತ್ತರ. ಕೊನೆಗೆ, ಸುಳ್ಳು ನಮೂದು ಮಾಡಬೇಡಿ ಎಂಬ ಎಚ್ಚರಿಕೆ ಬೇರೆ. ಸುಳ್ಳು! ಹೊಲದಲ್ಲಿ ನಿಂತು ಕಣ್ಣಾರೆ ನೋಡಿದವಳು ಸುಳ್ಳಿ, ಆಕಾಶದಿಂದ ನೋಡಿದ್ದು ಸತ್ಯ. ಮೈಯೆಲ್ಲ ಉರಿದುಹೋಯಿತು.

ಸಂಸ್ಥೆಯ ಕಡೆಯಿಂದ ಯೋಜನೆಯ ಮುಖ್ಯಸ್ಥರು ಬಾಗಲಕೋಟೆ ನವನಗರದ ಕಚೇರಿಗೆ ಬಂದಾಗ ಹಾಳೆಗಳನ್ನು ಮುಂದೆ ಹರಡಿದೆ. ಮೈಸೂರು ಕಡೆಯವರು, ಮೃದು ಮಾತು. ನಕ್ಷೆಯ ವಿಧಾನ ಅವರದೇ. ಅದನ್ನು ಮೊದಲು ಅವರು ಫಿಲಿಪ್ಪೀನ್ಸಿನ ಇಸಾಬೆಲಾ ಎಂಬ ದೊಡ್ಡ ಪ್ರಾಂತ್ಯದಲ್ಲಿ ಬಳಸಿದ್ದರು.

"ನೋಡಿ ಮೇಡಂ, ಅಲ್ಲಿ ಪೂರ್ವಕ್ಕೆ ದೊಡ್ಡ ಪರ್ವತಸಾಲು, ನಡುವೆ ಕಗಾಯಾನ್ ನದಿಯ ಬಯಲು, ಭತ್ತ ಮತ್ತು ಮೆಕ್ಕೆಜೋಳವೇ ಆರ್ಥಿಕತೆಯ ಬೆನ್ನೆಲುಬು. ಮಳೆಗಾಲದಲ್ಲಿ ಹಸಿರಿಲ್ಲದ ನೆಲ ಅಂದರೆ ಅಲ್ಲಿ ಪಾಳೇ. ವಿಧಾನ ಪರೀಕ್ಷೆಗೆ ಒಳಪಟ್ಟಿದೆ."

"ಅಲ್ಲಿ ಪರೀಕ್ಷೆ ಆಗೇತಿ ಸರ್, ಇಲ್ಲಿ ಆಗಿಲ್ಲ. ಹೋದ ವರ್ಷದ ಪುಷ್ಯ ಮಾಸದಾಗಿನ ಉಪಗ್ರಹದ ಚಿತ್ರ ಇನ್ನೊಂದು ತಗೊಂಡು ನೋಡ್ರಿ. ಇದೇ ಜಾಗಾ ಹಸರ ಕಾಣ್ತೇತಿ."

"ಒಂದೇ ಹಂಗಾಮಿನ ಚಿತ್ರ ಅಂತ ಒಪ್ಪಂದದಲ್ಲಿದೆ. ದೀಪಾವಳಿಗೆ ಮೊದಲು ಸಲ್ಲಿಸಬೇಕು."

ಇಸಾಬೆಲಾದ ಅವರ ವರದಿಯನ್ನು ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಓದಿದ್ದೆ, ಮೆಚ್ಚಿದ್ದೆ ಕೂಡ. ಪ್ರವಾಹ ಇಳಿದ ಮೇಲೆ ನದಿ ದಂಡೆಯ ಹೊಸ ಮೆಕ್ಕಲಿನಲ್ಲಿ ಮೆಕ್ಕೆಜೋಳ ಹಾಕುವ ಅಲ್ಲಿನ ರೈತರ ಬಗ್ಗೆ ಒಂದು ಇಡೀ ಅಧ್ಯಾಯವಿತ್ತು. ಯಾವ ತಿಂಗಳು ಬಿತ್ತುತ್ತಾರೆ, ಯಾಕೆ ಕಾಯುತ್ತಾರೆ, ಚಂಡಮಾರುತ ಬಂದರೆ ಏನು ಮಾಡುತ್ತಾರೆ ಎಂದು ಅವರ ಮನೆಗಳಲ್ಲಿ ಕೂತು ಕೇಳಿ ಬರೆದಿದ್ದರು. ನಮ್ಮ ಬಾಗಲಕೋಟೆಯ ಸುತ್ತಲೂ ಅಣೆಕಟ್ಟಿನ ಹಿನ್ನೀರು ಇಳಿದ ನೆಲದಲ್ಲಿ ಜನ ಹಾಗೆಯೇ ಬಿತ್ತುತ್ತಾರೆ. ಅದೇ ಮನುಷ್ಯನ ನಕ್ಷೆಯಲ್ಲಿ ಅದಿಷ್ಟೂ ನೀಲಿ, ಬರೀ ನೀರು. ನನ್ನ ಸಿಟ್ಟು ಇಮ್ಮಡಿಯಾಗಿದ್ದು ಇಲ್ಲಿ. ದಡ್ಡರಾಗಿದ್ದರೆ ಕ್ಷಮಿಸಬಹುದಿತ್ತು. ಕೇಳಿ ತಿಳಿಯುವುದು ಹೇಗೆಂದು ಚೆನ್ನಾಗಿ ಗೊತ್ತಿದ್ದವರು ನಮ್ಮನ್ನು ಕೇಳುವ ಗೋಜಿಗೇ ಹೋಗಿರಲಿಲ್ಲ.

ಮುಖ್ಯಸ್ಥರ ಪಕ್ಕದಲ್ಲಿ ಕೂತಿದ್ದ, ನಕ್ಷೆ ಸ್ವೀಕರಿಸಬೇಕಾಗಿದ್ದ ಇಲಾಖೆಯ ಅಧಿಕಾರಿ ಬಾದಾಮಿ ತಾಲೂಕಿನವರು, ಒಕ್ಕಲುತನದ ಮನೆಯವರು. ಅವರಿಗೆ ಹರಗುವುದೆಂದರೇನು ಎಂದು ನಾನು ಹೇಳಬೇಕಿರಲಿಲ್ಲ. ಹೊರಗೆ ಬಂದ ಮೇಲೆ ವರಾಂಡದಲ್ಲಿ ಮೆಲ್ಲಗೆ ಅಂದರು:

"ನೋಡವಾ, ನೀ ಹೇಳೂದು ಖರೆ ಐತಿ. ಆದ್ರ ನಕ್ಷೆ ಅಂದ್ರ ನಕ್ಷೆ. ಅದರಾಗ ಹಳದಿ ಇದ್ರೇನು, ಹಸರ ಇದ್ರೇನು? ರೈತರು ಬಿತ್ತೂದು ಬಿಡ್ತಾರೇನು?"

"ಆ ಹಳದಿ ಜಾಗಾ ಯಾಕ ಬೇಕಾಗೇತಿ ಅಂತ ನಿಮಗ ಗೊತ್ತಿಲ್ಲೇನ್ರಿ?"

ಅವರು ಗೋಡೆಯ ಕಡೆ ನೋಡಿದರು. ಗೊತ್ತಿತ್ತು. ಹೆದ್ದಾರಿ ಪಕ್ಕದಲ್ಲಿ ಕೈಗಾರಿಕಾ ಪ್ರದೇಶಕ್ಕೆ ಜಾಗ ಹುಡುಕುತ್ತಿದ್ದರು. ಬೆಳೆಯುವ ಭೂಮಿ ಕೇಳಿದರೆ ಗದ್ದಲವಾಗುತ್ತದೆ, ಆದ್ದರಿಂದ ಪಾಳು ಬಿದ್ದದ್ದನ್ನು ಮೊದಲು ಆರಿಸಿ ಎಂದು ಮೇಲಿನಿಂದ ಮಾತು ಬಂದಿತ್ತು. ನನ್ನ ಸಹಿ ಬಿದ್ದರೆ ಅಕ್ಕನ ಹೊಲ ಆ ಸಾಲಿನಲ್ಲಿ ಮುಂದೆ ನಿಲ್ಲುತ್ತಿತ್ತು. ಎಲ್ಲ ಬಲ್ಲ ಊರಿನ ಮನುಷ್ಯ ಹೀಗೆ ಗೋಡೆ ನೋಡುತ್ತ ನಿಂತದ್ದು ನನಗೆ ಹೊರಗಿನವರ ಅಜ್ಞಾನಕ್ಕಿಂತ ಹೆಚ್ಚು ಅಸಹ್ಯವಾಯಿತು.

ಭಾದ್ರಪದದಲ್ಲಿ ಮತ್ತೆ ಹೋಗಿ, ಮಳೆಗಾಲದಲ್ಲಿ ಬರಿದು ಕಂಡ ಹೊಲವನ್ನು ನಕ್ಷೆ ಪಾಳು ಎನ್ನುತ್ತದೆಂದು ಅಕ್ಕನಿಗೆ ಹೇಳಿ, ಅವಳ ಹೊಲದಲ್ಲಿ ಗುಂಡಿ ತೋಡಿಸಿದೆ. ಮೇಲೆ ಬೂದಿಯಂಥ ಒಣ ಪುಡಿ, ಒಂದು ಗೇಣು ಕೆಳಗೆ ಮುದ್ದೆ ಕಟ್ಟುವ ಹಸಿ ಮಣ್ಣು. ಅಂಗೈಯಲ್ಲಿ ಉಂಡೆ ಮಾಡಿ ಹಿಡಿದು ಫೋಟೋ ತೆಗೆದೆ. ಅಂಥದೇ ಗುಂಡಿಗಳನ್ನು ಅಕ್ಕಪಕ್ಕದ ಹೊಲಗಳಲ್ಲೂ ತೋಡಿಸಿ ಕಳಿಸಿದೆ. ಸಂಸ್ಥೆಯಿಂದ ಬಂದ ಉತ್ತರ: ಮಣ್ಣಿನ ಪರೀಕ್ಷೆ ಈ ಗುತ್ತಿಗೆಯಲ್ಲಿ ಸೇರಿಲ್ಲ. ಜೀಪಿನಲ್ಲಿ ಕೂತು ಅದನ್ನು ಓದಿ ಟ್ಯಾಬನ್ನು ಸೀಟಿನ ಮೇಲೆ ಕುಕ್ಕಿದೆ. ಚಾಲಕ ಒಂದು ಚಹಾದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ.

ದೀಪಾವಳಿ ಹತ್ತಿರ ಬಂತು. ಮುಖ್ಯಸ್ಥರು ನಕ್ಷೆಯ ಸುರುಳಿ ತಂದರು, ಅಧಿಕಾರಿಯೂ ಬಂದರು. ಸಹಿಯ ಹಾಳೆ ಮೇಜಿನ ಮೇಲೆ, ಪೆನ್ನು ಅದರ ಮೇಲೆ. ಆ ಹಿಂದಿನ ದಿನಗಳಲ್ಲಿ ನಾನು ವಿಧಾನದ ಪುಸ್ತಿಕೆಯನ್ನು ಮೊದಲಿಂದ ಕೊನೆವರೆಗೆ ಓದಿಕೊಂಡಿದ್ದೆ. ಅದರಲ್ಲೇ ಒಂದು ನಿಯಮವಿತ್ತು. ಕಂಪ್ಯೂಟರಿಗೂ ಪರಿಶೀಲಕರಿಗೂ ಭಿನ್ನಾಭಿಪ್ರಾಯ ಉಳಿದ ಜಾಗಗಳಿಗೆ ಎರಡನೇ ಭೇಟಿ ಕೊಡಬಹುದು, ಯೋಜನೆಯ ಮುಖ್ಯಸ್ಥರು ಜೊತೆಗಿರಬೇಕು, ದಿನವನ್ನು ಪರಿಶೀಲಕರೇ ನಿಗದಿ ಮಾಡಬಹುದು. ಆ ದಿನ ಆಗುವವರೆಗೆ ಸಲ್ಲಿಕೆ ಇಲ್ಲ.

"ನಾ ಸಹಿ ಮಾಡೂದಿಲ್ರಿ. ಎರಡನೇ ಭೇಟಿ ಬೇಕು," ಎಂದೆ.

"ಸರಿ, ಮುಂದಿನ ವಾರವೇ ಮುಗಿಸೋಣ."

"ದಿನಾ ನಾ ಹೇಳ್ತೇನಿ. ಎಳ್ಳ ಅಮವಾಸಿ."

ದೀಪಾವಳಿ ಕಳೆದು ಎರಡು ತಿಂಗಳಿಗೆ ಬರುವ ಅದು ಮುಖ್ಯಸ್ಥರಿಗೆ ಕ್ಯಾಲೆಂಡರಿನ ಇನ್ನೊಂದು ದಿನ ಅಷ್ಟೆ. ತಡವಾಯಿತೆಂದು ಗೊಣಗಿದರು, ಇದು ಕೆಲಸ ಕಳೆದುಕೊಳ್ಳುವ ದಾರಿ ಎಂದು ನಯವಾಗಿಯೇ ತಿಳಿಸಿದರು. ಅಧಿಕಾರಿ ಮಾತ್ರ ತಲೆ ಎತ್ತಿ ನನ್ನನ್ನೇ ನೋಡಿದರು. ಆ ದಿನ ಎರಿ ಹೊಲಗಳಲ್ಲಿ ಏನಿರುತ್ತದೆಂದು ಅವರಿಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಮುಖ್ಯಸ್ಥರು ದಿನ ಬದಲಿಸಿಬಿಡುತ್ತಿದ್ದರೇನೋ. ಅಧಿಕಾರಿ ಕೆಮ್ಮಿ, "ಆತು ಬಿಡ್ರಿ, ನಿಯಮ ಅಂದ್ರ ನಿಯಮ," ಎಂದು ಕನ್ನಡಕ ಒರೆಸಿಕೊಂಡರು.

ಎಳ್ಳ ಅಮವಾಸ್ಯೆಯ ದಿನ ನಮ್ಮ ಕಡೆ ಊರುಗಳಲ್ಲಿ ಜನ ಉಳಿಯುವುದಿಲ್ಲ. ಮನೆಗೆ ಬೀಗ ಹಾಕಿ, ಬಂಡಿ, ಟ್ರ್ಯಾಕ್ಟರು, ಮೋಟರ್ ಸೈಕಲ್ ಹತ್ತಿ ಎಲ್ಲರೂ ಹೊಲಕ್ಕೆ. ಭೂಮಿತಾಯಿಗೆ ಪೂಜೆ ಮಾಡಿ, ಅಡುಗೆಯನ್ನು ಬೆಳೆಯೊಳಗೆ ಸುತ್ತಾಡಿ ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ. ಆಮೇಲೆ ಅಲ್ಲೇ ಕೂತು ಊಟ, ನೆಂಟರು, ಗೆಳೆಯರು, ದಾರಿಹೋಕರು ಯಾರು ಬಂದರೂ ಊಟ.

ಮುಖ್ಯಸ್ಥರು ಬಿಳಿ ಬೂಟು ಹಾಕಿಕೊಂಡು ಬಂದರು. ಹುನಗುಂದ ದಾಟಿದ ಕೂಡಲೇ ಜೀಪಿನಿಂದ ಹೊರಗೆ ಬಾಗಿ ನೋಡತೊಡಗಿದರು. ರಸ್ತೆಯ ಎರಡೂ ಬದಿಗೆ ಆಳೆತ್ತರದ ಜೋಳ ತೆನೆ ತೂಗುತ್ತಿತ್ತು. ನಾನು ಟ್ಯಾಬು ತೆಗೆದೆ. ಹಳದಿ ತುಂಡೊಂದರ ನಡುವೆ ನಿಂತು ಫೋಟೋ, ಫೋಟೋದಲ್ಲಿ ಜೋಳ, ಜೋಳದ ಮಧ್ಯೆ ಕೂತು ರೊಟ್ಟಿ ಮುರಿಯುತ್ತಿರುವ ಜನ. ಮುಂದಿನ ತುಂಡು, ಮತ್ತೆ ಅದೇ. ಎಲ್ಲಿ ಹೋದರೂ ಯಾರಾದರೂ ಎದ್ದು ಬಂದು, "ಬರ್ರಿ, ಉಣ್ಣಾಕ ಬರ್ರಿ," ಎಂದು ಕೈಹಿಡಿದು ಜಗ್ಗುತ್ತಿದ್ದರು. ಟ್ಯಾಬು ಬೆಳೆಯ ಎತ್ತರ ಕೇಳಿದಾಗಲೆಲ್ಲ ನಾನು ಹಲ್ಲು ಕಚ್ಚಿಕೊಂಡು ಅಂಕಿ ಒತ್ತಿದೆ.

ಅಕ್ಕನ ಹೊಲಕ್ಕೆ ಬಂದಾಗ ಮಧ್ಯಾಹ್ನ. ಗಂಡ, ಮೈದುನ, ನೆರೆಯವರು ಎಲ್ಲ ಬನ್ನಿ ಗಿಡದ ನೆರಳಲ್ಲಿ ಕೂತಿದ್ದರು. ನಾನು ಮುಖ್ಯಸ್ಥರನ್ನು ಪರಿಚಯಿಸಿದೆ. ಅಕ್ಕ ಸೆರಗು ಸರಿಮಾಡಿಕೊಂಡು ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ನಮ್ಮ ಹೊಲಾ ಪಾಳು ಅಂದ ಸಾಹೇಬ್ರು ನೀವ ಏನ್ರಿ? ಚಲೋ ಆತು ಬಂದಿದ್ದು. ಕುಂಡ್ರಿ. ಪಾಳು ಬಿದ್ದ ಹೊಲದ ಊಟ ಹೆಂಗಿರ್ತೇತಿ ಒಂದೀಟು ನೋಡ್ರಿ."

ಅವರು ಕೂತರು. ಸಜ್ಜೆ ರೊಟ್ಟಿ, ಬದನೆಕಾಯಿ ಎಣಗಾಯಿ, ಪುಂಡಿಪಲ್ಯ, ಎಳ್ಳಿನ ಹೋಳಿಗೆ. ಅಕ್ಕ ಬೇಡವೆಂದರೂ ಬಡಿಸಿದಳು. ತಲೆ ತಗ್ಗಿಸಿ ಉಂಡು ಎದ್ದವರು ಕೈ ತೊಳೆಯುತ್ತ ನನಗಷ್ಟೇ ಕೇಳುವಂತೆ, "ಇಸಾಬೆಲಾದಲ್ಲಿ ಇಂಥದ್ದು ಇರಲಿಲ್ಲ ಮೇಡಂ," ಎಂದರು.

ಅಲ್ಲಿಯವರೆಗೆ ತಡೆದುಕೊಂಡಿದ್ದೆ. ಇನ್ನು ಆಗಲಿಲ್ಲ.

"ಇಸಾಬೆಲಾದಾಗ ನೀವು ಜನರ ಮನಿಗೆ ಹೋಗಿ ಕೇಳಿದ್ರಿ ಸರ್. ಹೊಳಿ ಇಳದ ಮ್ಯಾಲ ಬಿತ್ತಾವ್ರನ್ನ ಮಾತಾಡ್ಸಿ ಒಂದು ಅಧ್ಯಾಯಾನ ಬರದೀರಿ. ಇಲ್ಲಿ ಒಬ್ಬರನ್ನರ ಕೇಳಿದ್ರೇನು? ನಿಮ್ಮದ ಭಾಷಾ ಮಾತಾಡೂ ಮಂದಿ ಇವ್ರು. ಇವ್ರನ್ನ ಕೇಳಾಕ ನಿಮಗೇನು ಅಡ್ಡ ಬಂದಿತ್ತು?"

ಎತ್ತರದ ದನಿಯೇ ಆಗಿತ್ತು, ಉಣ್ಣುತ್ತಿದ್ದವರು ತಿರುಗಿ ನೋಡಿದರು. ಮುಖ್ಯಸ್ಥರು ಒದ್ದೆ ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತ ಜೀಪಿನ ಕಡೆ ನಡೆದರು. ನನಗೆ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ.

ಅವರು ಕೆಟ್ಟವರಲ್ಲ, ಅದನ್ನೂ ಹೇಳಿಬಿಡುತ್ತೇನೆ. ತಿಂಗಳೊಳಗೆ ಚಳಿಗಾಲದ ಚಿತ್ರ ತರಿಸಿದರು, ನಕ್ಷೆಗೆ 'ಹಿಂಗಾರಿ ಬೆಳೆ' ಎಂದು ಹೊಸ ಕಂದು ಬಣ್ಣ ಸೇರಿಸಿದರು, ಹಿನ್ನೀರಿನ ಅಂಚನ್ನೂ ತಿದ್ದಿದರು. ಹುನಗುಂದದಿಂದ ಇಳಕಲ್‌ವರೆಗಿನ ಹಳದಿ ಹೋಯಿತು. ಆಗ ಸಹಿ ಮಾಡಿದೆ. ಮುಂದಿನ ಜಿಲ್ಲೆಯ ಕೆಲಸಕ್ಕೆ ಅವರು ನನ್ನನ್ನು ಕರೆಯಲಿಲ್ಲ, ನಾನೂ ಕೇಳಲಿಲ್ಲ.

ಆದರೆ ಹಳೆಯ ಹಾಳೆ ಕರಡು ಎಂಬ ಹೆಸರಿನಲ್ಲಿ ದೀಪಾವಳಿಗೆ ಮೊದಲೇ ಯಾರ ಯಾರ ಕೈಗೋ ಹೋಗಿತ್ತು. ಅದನ್ನು ವಾಪಸು ಕರೆಸುವವರು ಯಾರೂ ಇರಲಿಲ್ಲ. ಬೇಸಿಗೆಯಲ್ಲಿ ಯಾರೋ ಕಾರಿನಲ್ಲಿ ಬಂದು, ಆ ಹಳದಿ ಹಾಳೆ ಹಿಡಿದು, ಅಕ್ಕನ ಹೊಲದ ಬದುವಿನ ಮೇಲೆ ನಿಂತು ಆ ಕಡೆ ಈ ಕಡೆ ಕೈ ತೋರಿಸುತ್ತ ಮಾತಾಡಿ ಹೋದರಂತೆ. ಅದು ನನಗೆ ಗೊತ್ತಾದದ್ದು ಮರುವರ್ಷದ ಶ್ರಾವಣದಲ್ಲಿ.

ಅಮ್ಮನನ್ನು ನೋಡಲು ಇಳಕಲ್ಲಿಗೆ ಬಸ್ಸಿನಲ್ಲಿ ಹೊರಟಿದ್ದೆ. ಹರಗಿ ನುಣುಪಾದ ಕರಿ ಹೊಲಗಳ ನಡುವೆ ಒಂದು ತುಂಡು ಹಸಿರು ಕಂಡಿತು. ಬನ್ನಿ ಗಿಡ ನೋಡಿ ಗುರುತು ಹಿಡಿದೆ. ಕೂಗಿ ಬಸ್ಸು ನಿಲ್ಲಿಸಿ ಇಳಿದೆ. ಅಕ್ಕ ಹೆಸರುಕಾಳು ಬಿತ್ತಿದ್ದಳು. ಬದುವಿನಿಂದ ಬದುವಿಗೆ, ಒಂದು ಅಂಗುಲವೂ ಬಿಡದೆ.

"ಯಕ್ಕಾ, ಇದೇನ ಮಾಡಿ? ಈ ಸಲ ಮಳಿನೂ ಇಲ್ಲ."

"ಗೊತ್ತೈತಿ ತಂಗಿ. ಆದ್ರ ಮಳಿಗಾಲದಾಗ ಹೊಲಾ ಬರಿದ ಕಂಡ್ರ ಪಾಳು ಅಂತಾರಂತ ನೀನ ಹೇಳಿದ್ದಿಲ್ಲೇನು? ಅದಕ್ಕ ಹಸರ ಮಾಡೇನಿ."

"ನಕ್ಷೆ ತಿದ್ದೇವಿ ಯಕ್ಕಾ. ನಾ ಸಹಿ ಮಾಡೇನಿ."

"ನೀ ತಿದ್ದಿ. ಬಂದು ನಿಂತಾವ್ರ ಕೈಯಾಗ ಹಳೀದ ಇತ್ತು."

ಕುಕ್ಕರುಗಾಲಲ್ಲಿ ಕೂತು ಸಾಲಿನ ನಡುವೆ ಬೆರಳು ತೂರಿಸಿದೆ. ಒಂದು ಗೇಣಿನವರೆಗೂ ಪುಡಿ ಪುಡಿ, ಬೂದಿ. ಹೋದ ವರ್ಷ ಉಂಡೆ ಕಟ್ಟಿದ ಮಣ್ಣು ಅದೇ.

"ಜ್ವಾಳಕ್ಕ ಹಸಿ ಎಲ್ಲಿಂದ ತರ್ತಿ?"

"ಜ್ವಾಳದ್ದು ಆಮ್ಯಾಲ. ಮೊದಲ ಹೊಲಾ ಉಳೀಬೇಕಲ್ಲ?" ಎಂದು ಅಕ್ಕ ಹೆಸರಿನ ನಡುವೆ ನೆಟ್ಟಗೆ ನಿಂತಳು. "ಫೋಟೋ ಹೊಡಿ. ಈಗ ಚಲೋ ಬರ್ತೇತಿ."

ನನ್ನ ಹತ್ತಿರ ಟ್ಯಾಬು ಇರಲಿಲ್ಲ, ಫೋನಿನಲ್ಲೇ ತೆಗೆದೆ. ಆ ಫೋಟೋ ಈಗಲೂ ಇದೆ. ಯಾವ ಕಂಪ್ಯೂಟರಿಗೆ ತೋರಿಸಿದರೂ ಹಸಿರು ಎಂದೇ ಹೇಳುತ್ತದೆ.

ಆ ವರ್ಷದ ಎಳ್ಳ ಅಮವಾಸ್ಯೆಗೆ ಅಕ್ಕನ ಕರೆ ಬರಲಿಲ್ಲ. ಹಿಂದಿನ ದಿನ ನಾನೇ ಫೋನ್ ಮಾಡಿ, ನಾಳೆ ಬರುತ್ತೇನೆ ಎಂದೆ.

"ಈ ಸಲ ಬ್ಯಾಡ ತಂಗಿ," ಎಂದಳು. "ಜ್ವಾಳ ಮೊಣಕಾಲ ಮಟ್ಟಾನೂ ಆಗಿಲ್ಲ. ಅದರಾಗ ಕುಂತು ಉಂಡ್ರ ರಸ್ತೇಕ ಹೋಗಾವ್ರಿಗೆಲ್ಲಾ ಕಾಣ್ತೇವಿ."